ಚಿಮಣಿ ತಣ್ಣಗಾಯಿತು, ಹೊಗೆಯ ಲೆಕ್ಕ ಮುಗಿಯಲಿಲ್ಲ
ಪರೇಲಿನ ಗಿರಣಿಗಳು ಕಲಿಸುವ ಪಾಠ

ಪರೇಲಿನ ಸೇತುವೆಯ ಮೇಲೆ ನಿಂತು ಸುತ್ತಲೂ ದೃಷ್ಟಿ ಹಾಯಿಸಿದವರಿಗೆ, ಗಾಜಿನ ಗೋಡೆಗಳ ಎತ್ತರದ ಸೌಧಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಇಟ್ಟಿಗೆಯ ಚಿಮಣಿ ಇಂದಿಗೂ ಕಣ್ಣಿಗೆ ಬೀಳುವುದುಂಟು. ಅವುಗಳ ಬಾಯಿಂದ ಹೊಗೆ ಹೊರಟು ದಶಕಗಳೇ ಸಂದುವು. ಗಿರಣಗಾಂವ್ ಎಂದು ಹೆಸರಾಂತ ಈ ಭಾಗದಲ್ಲಿ ಬೆಳಗಿನ ಜಾವದ ಭೋಂಗಾ ಕೇಳಿ ಎದ್ದವರ ಮೊಮ್ಮಕ್ಕಳು ಈಗ ಅದೇ ಅಂಗಳದ ಮಾರಾಟ ಮಳಿಗೆಗಳಲ್ಲಿ ಕಾವಲುಗಾರರಾಗಿಯೂ ಮಾರಾಟಗಾರರಾಗಿಯೂ ದುಡಿಯುತ್ತಿದ್ದಾರೆ.

ಈ ಲೇಖಕನು ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ 1997ರಲ್ಲಿ ಪರೇಲಿಗೆ ಬಂದಿಳಿದಾಗ ಗಿರಣಿಗಳ ಸುವರ್ಣಕಾಲ ಮುಗಿದುಹೋಗಿದ್ದಿತು. ಹೋಟೆಲಿನ ಮೇಜು ಒರೆಸುತ್ತ, ಬಳಿಕ ಬಟ್ಟಿಯ ಮುಂದೆ ನಿಲ್ಲುತ್ತ, ಕೊನೆಗೆ ಗಲ್ಲೆಯ ಮೇಲೆ ಕುಳಿತು ಕೇಳಿದ ಮಾತುಗಳಿಂದಲೇ ಗಿರಣಿಗಳ ಚರಿತ್ರೆಯನ್ನು ಕಲಿತುದಾಯಿತು. ಮೊನ್ನೆ ನಮ್ಮ ಹೋಟೆಲಿಗೆ ನಿತ್ಯವೂ ಅರ್ಧ ಚಹಕ್ಕೆ ಬರುವ ವೃದ್ಧರೊಬ್ಬರು ಒಂದು ಪ್ರಶ್ನೆಯನ್ನು ಕೇಳಿದರು. ಮೂಲತಃ ವಿಜಾಪುರದ ಕಡೆಯವರು. ಯೌವನದಲ್ಲಿ ಇಲ್ಲಿಯ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿದ್ದವರು.

"ಶೆಟ್ರ, ಕಾರಖಾನಿ ಹೊಗಿಯಿಂದ ಜಗತ್ತು ಕಾಯಾಕತ್ತೈತಿ ಅಂತ ಪೇಪರದಾಗ ಬರೀತೀರಿ. ನಮ್ಮ ಗಿರಣಿ ಹೊಗಿ ನಿಂತು ನಲವತ್ತು ವರ್ಷ ಆತು. ಹೊಗಿ ಹೋತು, ಅದರ ಸಂಗಾಟ ನಮ್ಮ ಅನ್ನಾನೂ ಹೋತು. ಹಂಗಾರ ಕಾವು ಯಾಕ ಕಡಿಮಿ ಆಗಲಿಲ್ಲ?"

ಪ್ರಶ್ನೆ ಸರಳವಾಗಿ ಕಂಡರೂ ಅದಕ್ಕೆ ಉತ್ತರ ಕೊಡುವುದು ಅಷ್ಟು ಸರಳವಲ್ಲ. ನಮ್ಮಂತಹ ಬೆಳೆಯುತ್ತಿರುವ ದೇಶದ ಕೈಗಾರಿಕೆ ಇಂದು ಎದುರಿಸುತ್ತಿರುವ ಬಹುದೊಡ್ಡ ತೊಡಕು ಆ ಒಂದು ಮಾತಿನಲ್ಲಿ ಅಡಕವಾಗಿದೆ. ಆದುದರಿಂದ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಹೊಗೆ ಬೇರೆ, ವಾಯು ಬೇರೆ

ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಚಿಮಣಿಯಿಂದ ಹೊರಟು, ಚಾಳಿನ ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗೆ ಮಸಿ ಹಿಡಿಸುವುದು ಹೊಗೆ. ಅದು ಕಣ್ಣಿಗೆ ಕಾಣುತ್ತದೆ, ಎದೆಗೆ ಕೆಮ್ಮು ತರುತ್ತದೆ, ಮಳೆ ಬಂದರೆ ನೆಲಕ್ಕಿಳಿಯುತ್ತದೆ. ಅದರೊಡನೆಯೇ ಹೊರಡುವ ಇಂಗಾಲಾಮ್ಲ ವಾಯುವಿಗೆ, ಅಂದರೆ ಇಂದಿನ ಶಾಲಾ ಪುಸ್ತಕಗಳು ಕಾರ್ಬನ್ ಡೈ ಆಕ್ಸೈಡ್ ಎಂದು ಕರೆಯುವ ಅನಿಲಕ್ಕೆ, ಬಣ್ಣವಿಲ್ಲ, ವಾಸನೆಯಿಲ್ಲ. ಬೂದಿಯನ್ನು ಹಿಡಿಯುವ ಯಂತ್ರವನ್ನು ಚಿಮಣಿಗೆ ಅಳವಡಿಸಿದರೂ ಈ ವಾಯು ಅದರೊಳಗಿಂದ ನಿರಾತಂಕವಾಗಿ ಹೊರಟುಹೋಗುತ್ತದೆ. ಹೋದ ಮೇಲೆ ಅದರ ದೊಡ್ಡ ಭಾಗವು ನೂರಾರು ವರ್ಷ ಆಕಾಶದಲ್ಲಿ ಉಳಿದು, ಭೂಮಿಯ ಕಾವು ಹೊರಹೋಗದಂತೆ ಕಂಬಳಿಯಾಗಿ ಹೊದೆಯುತ್ತದೆ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ವಾಯು ಸುಮಾರು 280 ಭಾಗವಿದ್ದಿತು. 2024ರಲ್ಲಿ ಅದು 420 ಭಾಗಗಳನ್ನು ಮೀರಿತು.

ಉರಿಸಿದ ವಸ್ತುವಿಗಿಂತ ಹುಟ್ಟಿದ ವಾಯುವಿನ ತೂಕ ಹೆಚ್ಚೆಂದರೆ ಹಲವರಿಗೆ ಆಶ್ಚರ್ಯವಾದೀತು. 12 ಪಾಲು ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕದ 32 ಪಾಲನ್ನು ಸೇರಿಸಿಕೊಂಡು 44 ಪಾಲು ಇಂಗಾಲಾಮ್ಲವಾಗುತ್ತದೆ. ನಮ್ಮ ಕಸುಬಿನ ಲೆಕ್ಕವನ್ನೇ ಹೇಳುವುದಾದರೆ, 19 ಕಿಲೋ ತೂಕದ ಒಂದು ಹೋಟೆಲು ಸಿಲಿಂಡರಿನ ಅನಿಲವು ಪೂರ್ತಿ ಉರಿದಾಗ ಸುಮಾರು 57 ಕಿಲೋ ಇಂಗಾಲಾಮ್ಲ ಹುಟ್ಟುತ್ತದೆ. ದಿನಕ್ಕೆ ಎರಡು ಸಿಲಿಂಡರು ಸುಡುವ ಮಧ್ಯಮ ತರಗತಿಯ ಹೋಟೆಲೊಂದು ವರ್ಷಕ್ಕೆ 40 ಟನ್ನಿಗೂ ಮಿಕ್ಕಿ ಈ ವಾಯುವನ್ನು ಆಕಾಶಕ್ಕೆ ಬಿಡುತ್ತದೆ. ಅಂಥ ಹೋಟೆಲಿನಲ್ಲಿ ದಿನಕ್ಕೆ ಆರುನೂರು ಮಂದಿ ಉಣ್ಣುತ್ತಾರೆಂದು ಹಿಡಿದರೆ, ಬಟ್ಟಿಯ ಮಟ್ಟಿಗೆ ಒಬ್ಬೊಬ್ಬರ ಪಾಲಿಗೆ ಬರುವುದು 190 ಗ್ರಾಂ ಮಾತ್ರ. ಒಟ್ಟು ಮೊತ್ತ ನೋಡಿದರೆ ಭಯ, ತಲೆಗೆ ಹಂಚಿದರೆ ಸಮಾಧಾನ. ನಮ್ಮ ದೇಶದ ಲೆಕ್ಕವೂ ಹೀಗೆಯೇ ಇರುವುದನ್ನು ಮುಂದೆ ಕಾಣುವೆವು.

ಕಲ್ಲಿದ್ದಲಿನಿಂದ ಜಲಧಾರೆಗೆ

ಪರೇಲಿನ ಗಿರಣಿಗಳು ಮೊದಲು ಓಡಿದುದು ಕಲ್ಲಿದ್ದಲಿನ ಹಬೆಯಿಂದ. 1850ರ ದಶಕದಲ್ಲಿ ಕಾವಸ್‌ಜಿ ನಾನಾಭಾಯಿ ದಾವರರು ತಾಡದೇವದಲ್ಲಿ ಮುಂಬಯಿಯ ಮೊದಲನೆಯ ಹತ್ತಿ ಗಿರಣಿಯನ್ನು ಆರಂಭಿಸಿದಂದಿನಿಂದ ಅರ್ಧ ಶತಮಾನದೊಳಗೆ ಈ ನಗರದ ಬಾನು ಚಿಮಣಿಗಳ ತೋಪಾಯಿತು. ಹೊಗೆಯ ಉಪದ್ರವ ಎಷ್ಟಾಯಿತೆಂದರೆ 1912ರಲ್ಲಿಯೇ ಅದನ್ನು ಹತೋಟಿಯಲ್ಲಿಡಲು ಮುಂಬಯಿ ಸರಕಾರವು ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು.

ಆದರೆ ಕಾಯಿದೆಗಿಂತ ಹೆಚ್ಚಿನ ಕೆಲಸವನ್ನು ಮಾಡಿದುದು ಸಹ್ಯಾದ್ರಿಯ ಮಳೆನೀರು. ಕಲ್ಲಿದ್ದಲು ದೂರದ ಗಣಿಗಳಿಂದ ಬರಬೇಕಾಗಿದ್ದಿತು. ಅದರ ಬೆಲೆ ಮಾಲೀಕರಿಗೆ ಭಾರವಾಗಿದ್ದಿತು. ಲೋಣಾವಳೆಯ ಘಟ್ಟದ ಮೇಲೆ ಮಳೆನೀರನ್ನು ತಡೆದು, ಕೆಳಗಿನ ಖೋಪೋಲಿಗೆ ಧುಮುಕಿಸಿ ವಿದ್ಯುತ್ತು ತೆಗೆಯುವ ಯೋಜನೆಗಾಗಿ 1910ರಲ್ಲಿ ಟಾಟಾ ಜಲವಿದ್ಯುತ್ ಕಂಪನಿ ಸ್ಥಾಪಿತವಾಯಿತು. 1915ರಲ್ಲಿ ಖೋಪೋಲಿಯ ವಿದ್ಯುತ್ತು ಮುಂಬಯಿಗೆ ಬಂದಿತು. ಅದರ ಮುಖ್ಯ ಗಿರಾಕಿಗಳೆಂದರೆ ಗಿರಣಿಗಳೇ. 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ ಕೇಂದ್ರಗಳೂ ಸೇರಿದುವು. ಕನ್ನಡಿಗರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಅದಕ್ಕೆ ಹದಿಮೂರು ವರ್ಷ ಮೊದಲೇ, 1902ರಲ್ಲಿ, ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ಧಾರೆಯಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಕಳುಹಿಸಿದ್ದಿತು.

ಹೀಗೆ, ಬಟ್ಟೆಗೆ ಬಣ್ಣಹಾಕುವ ಹಬೆಯ ಪಾತ್ರೆಗಳಿಗೆ ಬೆಂಕಿ ಬೇಕಾಗಿದ್ದರೂ, ಮಗ್ಗವನ್ನು ಓಡಿಸುವ ಶಕ್ತಿಯ ಬಹುಭಾಗ ನೀರಿನಿಂದ ಬರತೊಡಗಿತು. ಜಗತ್ತಿಗೆ ಇಂಗಾಲಾಮ್ಲದ ಚಿಂತೆಯೇ ಇಲ್ಲದ ಕಾಲದಲ್ಲಿ, ಬರಿಯ ಉಳಿತಾಯದ ದೃಷ್ಟಿಯಿಂದ, ಪರೇಲು ಇಂಧನವನ್ನು ಬದಲಿಸಿದ್ದಿತು. ಉದ್ಯಮ ಮುಳುಗಲಿಲ್ಲ, ಕೆಲಸಗಾರ ಬೀದಿಗೆ ಬೀಳಲಿಲ್ಲ.

ಆ ಬದಲಾವಣೆಯ ಬೆಲೆ ತೆತ್ತವರು ಬೇರೆಯವರು. ಭಿರಾ ಕೇಂದ್ರಕ್ಕೆ ನೀರೊದಗಿಸಲು ಮುಳಶಿಯಲ್ಲಿ ಅಣೆಕಟ್ಟು ಕಟ್ಟಹೊರಟಾಗ ಅಲ್ಲಿಯ ಮಾವಳ ರೈತರ ಗದ್ದೆ, ಮನೆಗಳು ಮುಳುಗುವಂತಾದುವು. 1921ರಲ್ಲಿ ಅವರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ನೇತೃತ್ವ ವಹಿಸಿ ಸೇನಾಪತಿ ಎಂದೆನಿಸಿದರು. ಅಣೆಕಟ್ಟು ನಿಲ್ಲಲಿಲ್ಲ. ಹೊಗೆಯಿಲ್ಲದ ಶಕ್ತಿಯೂ ಯಾರದೋ ಅಂಗಳದ ಮೇಲೆಯೇ ನಿಲ್ಲುತ್ತದೆಂಬುದನ್ನು ನಾವು ಮರೆಯಲಾಗದು.

ಬೀಗ ಬಿದ್ದ ಬಾಗಿಲು

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ಮುಷ್ಕರ ಒಂದೂವರೆ ವರ್ಷವನ್ನು ಮೀರಿ ಸೊರಗಿತು. ಹೊರಬಂದವರಲ್ಲಿ ಬಹುಮಂದಿಗೆ ಒಳಗೆ ಮರಳುವ ದಾರಿ ಸಿಗಲಿಲ್ಲ. ಗಿರಣಿಗಳ ಯಂತ್ರಗಳು ಹಳೆಯವಾಗಿದ್ದುವು, ವಿದ್ಯುತ್ ಮಗ್ಗಗಳ ಸ್ಪರ್ಧೆ ಇದ್ದಿತು, ಎಲ್ಲಕ್ಕಿಂತ ಮಿಗಿಲಾಗಿ ನೆಲದ ಬೆಲೆ ನೂಲಿನ ಬೆಲೆಯನ್ನು ಮೀರಿಸಿದ್ದಿತು.

1991ರ ನಗರ ನಿಯಮಾವಳಿಯಂತೆ ಗಿರಣಿ ಭೂಮಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದನ್ನು ನಗರದ ಬಯಲಿಗೂ ಒಂದನ್ನು ವಸತಿಗೂ ಬಿಟ್ಟು ಉಳಿದುದನ್ನು ಮಾಲೀಕರು ಉಪಯೋಗಿಸಬಹುದಾಗಿದ್ದಿತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ಗಿರಣಿ ಕೆಲಸಗಾರರ ಮನೆಗಾಗಿ ಒಂದೂವರೆ ಲಕ್ಷದಷ್ಟು ಅರ್ಜಿಗಳು ಬಂದಿದ್ದಲ್ಲಿ, 2012ರ ಮೊದಲನೆಯ ಚೀಟಿಯಲ್ಲಿ ಎತ್ತಿದುದು 6,925 ಮನೆಗಳನ್ನು. ನಮ್ಮ ಹೋಟೆಲಿನ ಆ ಹಿರಿಯರ ಹೆಸರು ಇಂದಿನವರೆಗೂ ಯಾವ ಚೀಟಿಯಲ್ಲಿಯೂ ಬಂದಿಲ್ಲ.

ಹೊಗೆ ಹೋದುದೆಲ್ಲಿಗೆ?

ಗಿರಣಿ ನಿಂತಿತೆಂದು ಜನರು ಬಟ್ಟೆ ಉಡುವುದನ್ನು ಬಿಡಲಿಲ್ಲ. ನೇಯ್ಗೆಯು ಭಿವಂಡಿ, ಇಚಲಕರಂಜಿ, ಸೂರತುಗಳ ವಿದ್ಯುತ್ ಮಗ್ಗಗಳಿಗೆ ಹೋಯಿತು. ಅವುಗಳಿಗೆ ಚಿಮಣಿಯಿಲ್ಲ, ತಂತಿಯುಂಟು. ಆ ತಂತಿಯ ಇನ್ನೊಂದು ತುದಿಯಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಭಾರತದಲ್ಲಿ ಉತ್ಪತ್ತಿಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲು ಭಾಗದ ಹತ್ತಿರ ಕಲ್ಲಿದ್ದಲಿನದು. ಸರಾಸರಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾಮ್ಲ ಹೊರಡುತ್ತದೆ. ಮಗ್ಗ ಓಡಿಸುವ ಶಕ್ತಿಯ ಮಟ್ಟಿಗೆ ಹೇಳುವುದಾದರೆ, ಖೋಪೋಲಿಯ ನೀರಿನಿಂದ ಓಡುತ್ತಿದ್ದ ಅಂದಿನ ಮಗ್ಗಕ್ಕಿಂತ ಇಂದಿನ ಮಗ್ಗದ ಭಾರವೇ ಆಕಾಶಕ್ಕೆ ಹೆಚ್ಚು.

ಗಿರಣಿಯ ನೆಲದ ಮೇಲೆ ಎದ್ದ ಸೌಧಗಳನ್ನು ನೋಡೋಣ. ಅಂಥವಕ್ಕೆ ಬೇಕಾಗುವ ಸಿಮೆಂಟು ಪರೇಲಿನಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಂಥ, ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಪರಿಸರದಂಥ ಸುಣ್ಣಕಲ್ಲಿನ ಸೀಮೆಗಳಲ್ಲಿ. ಕರಾವಳಿಯವರು ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡನ್ನು ಬಲ್ಲರು. ಶುದ್ಧವಾದ 100 ಕಿಲೋ ಸುಣ್ಣಕಲ್ಲನ್ನು ಸುಟ್ಟರೆ ಕೈಗೆ ಬರುವ ಸುಣ್ಣ 56 ಕಿಲೋ. ಉಳಿದ 44 ಕಿಲೋ ಇಂಗಾಲಾಮ್ಲವಾಗಿ ಹಾರಿಹೋಗುತ್ತದೆ. ಸಿಮೆಂಟಿನ ಗೂಡಿನಲ್ಲಿ ನಡೆಯುವುದೂ ಇದೇ. ಬೆಂಕಿಗೆ ಯಾವ ಇಂಧನ ಹಾಕಿದರೂ ಕಲ್ಲಿನೊಳಗಿನ ವಾಯು ಹೊರಬರುವುದು ತಪ್ಪದು. ಒಂದು ಚೀಲ ಸಿಮೆಂಟಿನ ಹಿಂದೆ ಸುಮಾರು 30 ಕಿಲೋ ಇಂಗಾಲಾಮ್ಲವಿದೆ.

ಉಕ್ಕಿನ ಕಥೆ ಇನ್ನೂ ಭಾರವಾದುದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂತಹ ದೊಡ್ಡ ಕಾರಖಾನೆಗಳಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಬಿಡಿಸಲು ಕಲ್ಲಿದ್ದಲಿನ ಕೋಕೇ ಬೇಕು. ಅಲ್ಲಿ ಅದು ಇಂಧನವೂ ಹೌದು, ಔಷಧವೂ ಹೌದು. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ನಿನಷ್ಟು ಇಂಗಾಲಾಮ್ಲ ಹೊರಡುತ್ತದೆ.

ಆದುದರಿಂದ ಪರೇಲಿನ ಹೊಗೆ ಅಡಗಲಿಲ್ಲ, ಊರು ಬದಲಿಸಿತು. ಗಾಜಿನ ಸೌಧದಲ್ಲಿ ತಂಪಿನ ಯಂತ್ರ ಹಾಕಿ ಕುಳಿತವನಿಗೆ ತನ್ನ ಹೊಗೆ ಕಾಣುವುದಿಲ್ಲ. ಅದು ರಾಯಚೂರಿನ ಶಕ್ತಿನಗರದಲ್ಲಿ, ವಾಡಿಯಲ್ಲಿ, ತೋರಣಗಲ್ಲಿನಲ್ಲಿ ಇರುವವರ ಖಾತೆಗೆ ಬರೆಯಲ್ಪಡುತ್ತದೆ.

ಜಗತ್ತಿನ ಖಾತೆಯಲ್ಲಿ ನಮ್ಮ ಪಾಲು

ಇದೇ ನ್ಯಾಯವು ದೇಶ ದೇಶಗಳ ನಡುವೆಯೂ ನಡೆಯುತ್ತಿದೆ. ಇಂಗಾಲಾಮ್ಲವನ್ನು ಹೊರಬಿಡುವ ದೇಶಗಳಲ್ಲಿ ಚೀನಾ ಮತ್ತು ಅಮೇರಿಕದ ನಂತರ ಮೂರನೆಯದು ಭಾರತ. ವರ್ಷಕ್ಕೆ ನಮ್ಮ ಮೊತ್ತ 300 ಕೋಟಿ ಟನ್ನನ್ನು ಮೀರಿದೆ. ಆದರೆ ತಲೆಗೆ ಹಂಚಿದರೆ ಭಾರತೀಯನ ಪಾಲು ಸುಮಾರು 2 ಟನ್. ಅಮೇರಿಕದವನ ಪಾಲು ಸುಮಾರು 14 ಟನ್. 1850ರಿಂದ ಈಚೆಗೆ ಇಂಧನ ಸುಟ್ಟು ಆಕಾಶಕ್ಕೆ ಸೇರಿಸಿದ ಇಂಗಾಲಾಮ್ಲದಲ್ಲಿ ಕಾಲು ಭಾಗದಷ್ಟು ಅಮೇರಿಕ ಒಂದರದೇ. ಭಾರತದ್ದು ನೂರಕ್ಕೆ ನಾಲ್ಕರ ಒಳಗೆ. ಮೊದಲು ಉಂಡೆದ್ದವರು, ಕೊನೆಯ ಪಂಕ್ತಿಯವರಿಗೆ ಅನ್ನ ಕಡಿಮೆ ಉಣ್ಣಿರೆಂದು ಹೇಳುವುದು ಯಾವ ಛತ್ರದ ಧರ್ಮ?

ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಕಾವು ಹೆಚ್ಚಿದರೆ ಮೊದಲು ಬಾಡುವುದು ನಮ್ಮ ಬಿಸಿಲಿನಲ್ಲಿ ದುಡಿಯುವ ಕೂಲಿ. ಕಡಲು ಏರಿದರೆ ಮುಳುಗುವುದು ಮುಂಬಯಿಯೂ ಮಂಗಳೂರೂ. 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರೊಳಗೆ ಹೊರಬಿಡುವುದನ್ನೂ ಹೀರಿಕೊಳ್ಳುವುದನ್ನೂ ಸರಿದೂಗಿಸುವೆನೆಂದು ಮಾತು ಕೊಟ್ಟಿತು. ಮುಂಬಯಿ ನಗರವು 2022ರ ತನ್ನ ಯೋಜನೆಯಲ್ಲಿ 2050ನ್ನು ಗಡುವಾಗಿ ಬರೆದುಕೊಂಡಿತು. ಯುರೋಪಿನ ಒಕ್ಕೂಟವು ಉಕ್ಕು, ಅಲ್ಯುಮಿನಿಯಂ, ಸಿಮೆಂಟು ಮೊದಲಾದ ಆಮದು ಸರಕಿನ ಮೇಲೆ ಇಂಗಾಲದ ಸುಂಕವನ್ನು ಲೆಕ್ಕಹಾಕುವ ಪದ್ಧತಿಯನ್ನು 2026ರ ಜನವರಿಯಿಂದ ಜಾರಿಗೆ ತಂದಿದೆ. ನಮ್ಮ ಕೇಂದ್ರ ಸರಕಾರವೂ 2023ರಲ್ಲಿ ಇಂಗಾಲ ವಿನಿಮಯದ ಯೋಜನೆಯನ್ನು ಪ್ರಕಟಿಸಿ, 2025ರ ಅಕ್ಟೋಬರಿನಲ್ಲಿ ಸಿಮೆಂಟು, ಅಲ್ಯುಮಿನಿಯಂ, ಕಾಗದ ಮೊದಲಾದ ನಾಲ್ಕು ಉದ್ಯಮಗಳಿಗೆ ಮಿತಿಗಳನ್ನು ಗೊತ್ತುಮಾಡಿತು. ಇಂಧನವು ಬದಲಾಗಲಿರುವುದು ನಿಶ್ಚಯ. ಪರೇಲಿನವರಾದ ನಾವು ಕೇಳಬೇಕಾದುದು ಅದರ ನಂತರದ ಪ್ರಶ್ನೆ.

ಮುಂದಿನ ಬೀಗ ಯಾರ ಬಾಗಿಲಿಗೆ?

ಶಕ್ತಿನಗರದ ಕೇಂದ್ರವು 1985ರಿಂದ ವಿದ್ಯುತ್ತು ಕೊಡುತ್ತಿದೆ. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನ 1200 ಮೆಗಾವಾಟಿನ ಸ್ಥಾವರವಿದೆ. ಇಂತಹವು ಒಂದಲ್ಲ ಒಂದು ದಿನ ನಿಲ್ಲುವುವು. ನಿಲ್ಲುವ ದಿನ ಅಲ್ಲಿಯ ಗುತ್ತಿಗೆ ಕೆಲಸಗಾರ, ಬೂದಿ ಸಾಗಿಸುವ ಲಾರಿಯವ, ಗೇಟಿನೆದುರು ಚಹದಂಗಡಿ ಇಟ್ಟವ, ಇವರ ಗತಿಯೇನು? ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ ಕೋಲಾರದ ಚಿನ್ನದ ಗಣಿಯೇ 2001ರಲ್ಲಿ ಮುಚ್ಚಿತು. ಅಲ್ಲಿಂದ ಇಂದಿಗೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ಗುಂಪನ್ನು ಕಂಡವರಿಗೆ ಉತ್ತರ ತಿಳಿದೀತು.

ಒಳ್ಳೆಯ ದಾರಿಯ ಸುಳಿವೂ ನಮ್ಮಲ್ಲಿಯೇ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಕ್ಷೇತ್ರವನ್ನು ಕಟ್ಟಿದಾಗ ಸರಕಾರವು ರೈತರ ನೆಲವನ್ನು ಕಸಿಯಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವ ಬಾಡಿಗೆಗೆ ಪಡೆಯಿತು. ಮುಳಶಿಯ ರೈತನಿಗೆ ದೊರೆಯದ ನ್ಯಾಯ ಪಾವಗಡದ ರೈತನಿಗೆ ದೊರೆಯಿತೆನ್ನಬಹುದು. ಆದರೂ ನೆಲವಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯಲ್ಲಿ ಪಾಲಿಲ್ಲ. ಗಿರಣಿ ಕೆಲಸಗಾರನಂತೆ ಅವರೂ ದಾಖಲೆಯಿಲ್ಲದವರು.

ಈ ಪ್ರಶ್ನೆ ನಮ್ಮ ಬಟ್ಟಿಯವರೆಗೂ ಬಂದಿದೆ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನಿರ್ದೇಶದಂತೆ, ಸೌದೆ ಮತ್ತು ಕಲ್ಲಿದ್ದಲು ಸುಡುವ ಬೇಕರಿ, ತಂದೂರುಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ನಗರಪಾಲಿಕೆಯ ನೋಟೀಸುಗಳು ಹೊರಟುವು. ಹೊಗೆಯಿಂದ ಕೆಮ್ಮುವ ನೆರೆಯವರ ದೃಷ್ಟಿಯಿಂದ ಆಜ್ಞೆ ನ್ಯಾಯವಾದುದೇ. ಹಣವುಳ್ಳ ಹೋಟೆಲಿನವನು ವಾರದಲ್ಲಿ ಹೊಸ ಒಲೆ ಹಾಕಿಸಿಯಾನು. ದಿನದ ಪಾವು ಮಾರಿ ದಿನದ ಮೈದಾ ಕೊಳ್ಳುವ ಸಣ್ಣ ಬೇಕರಿಯವನಿಗೆ ಗಡುವಿಗಿಂತ ಮೊದಲು ಬೇಕಾದುದು ಸುಲಭ ಬಡ್ಡಿಯ ಸಾಲ.

ನಮ್ಮ ವಿನಂತಿ ಇಷ್ಟೇ. ಯಾವ ಕಾರಖಾನೆಯನ್ನಾಗಲಿ ಇಂಗಾಲಾಮ್ಲದ ಕಾರಣದಿಂದ ಬದಲಿಸುವ ಅಥವಾ ನಿಲ್ಲಿಸುವ ಮುನ್ನ, ಗೇಟಿನ ಒಳಗೂ ಹೊರಗೂ ಅದರಿಂದ ಬದುಕುವವರ ಹೆಸರುಪಟ್ಟಿ ಸಿದ್ಧವಾಗಬೇಕು. ಹೊಸ ಕೆಲಸದ ಶಿಕ್ಷಣವು ಹಳೆಯ ಕೆಲಸ ಇರುವಾಗಲೇ ಆರಂಭವಾಗಬೇಕು. ನಿಂತ ಕಾರಖಾನೆಯ ನೆಲದ ಬೆಲೆಯಲ್ಲಿ ದುಡಿದವರ ಪಾಲು ಎಷ್ಟೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದು, ಮುಂದೆ ತಿದ್ದಲು ಬಾರದಂತೆ ಕಟ್ಟಿಡಬೇಕು. ಇಂಗಾಲದ ಸುಂಕದಿಂದಲೂ ವಿನಿಮಯದಿಂದಲೂ ಬರುವ ಹಣದಲ್ಲಿ ಒಂದು ಭಾಗವನ್ನು ಇದಕ್ಕೆಂದೇ ಮೀಸಲಿಡುವುದು ಅಸಾಧ್ಯವೇನಲ್ಲ.

ಇಷ್ಟನ್ನೂ ಆ ಹಿರಿಯರಿಗೆ ಗಲ್ಲೆಯ ಬಳಿ ಕೂರಿಸಿ ವಿವರಿಸಿದೆ. "ಕಾಕಾ, ಹೊಗೆ ಹೋಗಲಿಲ್ಲ, ನಮ್ಮ ಊರಿನ ಕಡೆಗೇ ಹೋಯಿತು" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಣ್ಣಗಾದ ಚಹವನ್ನು ಮುಗಿಸಿ, "ಬರೀರಿ ಶೆಟ್ರ. ಆದ್ರ ಬೀಗ ಹಾಕೂ ಮೊದಲ ಒಳಗಿದ್ದವರನ್ನ ಕೇಳ್ರಿ ಅಂತ ಬರೀರಿ. ನಮ್ಮನ್ನ ಯಾರೂ ಕೇಳಲಿಲ್ಲ" ಎಂದು ಎದ್ದು ಹೋದರು.

ರಾಯಚೂರು, ಕಲಬುರಗಿ, ಬಳ್ಳಾರಿ, ಉಡುಪಿಗಳಲ್ಲಿ ಬಂಧುಗಳುಳ್ಳ ವಾಚಕರು ಈ ಮಾತನ್ನು ಊರಿಗೆ ಮುಟ್ಟಿಸಿಯಾರೆಂದು ನಂಬಿದ್ದೇನೆ.